ಮೊಲಕ್ಕೆ ಕೊಂಬು ಬಂದ ಕಥೆ: ಗುಡ್ಡದ ಔಷಧಿ ಗಿಡವನ್ನು ಬೀಜದಿಂದ ಬೆಳೆಸಿದ ಅನುಭವ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ರೈತ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಹಾಲು, ಮೇವು, ಫ್ಯಾಟು, ಎಸ್.ಎನ್.ಎಫ್. ವಿಚಾರವನ್ನು ಡಾಕ್ಟರು ಮತ್ತು ವಿಸ್ತರಣಾಧಿಕಾರಿಗಳು ಹೇಳ್ತಾರೆ, ನೀವು ನಿಮ್ಮ ಹಿತ್ತಲಲ್ಲಿ ಬೆಳೆಸಿರೋ ಗುಡ್ಡದ ಗಿಡದ ವಿಚಾರ ನಾಲ್ಕು ಮಾತು ಹೇಳಿ ಅಂತ ನಮ್ಮ ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ನಾವು ಎಸ್ಸೆಸ್ಸೆಲ್ಸಿವರೆಗೆ ಓದಿದವರು. ವಿಜ್ಞಾನಿಗಳ ಹಾಗೆ ಹೇಳೋಕೆ ಬರೋದಿಲ್ಲ. ಕೈಯಿಂದ ಮಾಡಿ ಕೆಟ್ಟಿದ್ದು, ಮತ್ತೆ ಮಾಡಿ ಗೆದ್ದಿದ್ದು ಇಷ್ಟನ್ನು ಹೇಳ್ತೇವೆ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಇಲ್ಲದೇ ಇರೋ ವಸ್ತುವಿಗೆ ನಾವೆಲ್ಲ "ಮೊಲಕ್ಕೆ ಕೊಂಬು ಬಂದ ಹಾಗೆ" ಅಂತೀವಿ. ಆದರೆ ನಮ್ಮ ಹೊಸಕೋಟೆ ತಾಲ್ಲೂಕಿನ ಈ ಮೂಲೆಯಲ್ಲಿ, ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ನಮ್ಮಂಥ ಊರುಗಳಲ್ಲಿ, ಮೊಲದ ಕೊಂಬು ನಿಜವಾಗಿಯೂ ಇತ್ತು. ಗುಡ್ಡದ ಬಂಡೆ ಸಂದಿಯಲ್ಲಿ, ಕಾರೆಗಿಡದ ಬುಡದಲ್ಲಿ, ಎಲೆಯೇ ಇಲ್ಲದೆ, ಬೆರಳಿನಷ್ಟು ದಪ್ಪಕ್ಕೆ, ನಾಲ್ಕು ಅಂಚಿನ ಹಸಿರು ಕಡ್ಡಿಯಾಗಿ ಎದ್ದು ನಿಲ್ಲುತ್ತಿದ್ದ ಗಿಡಕ್ಕೆ ನಮ್ಮ ಅಜ್ಜಿ "ಕುಂದೇಟಿ ಕೊಮ್ಮುಲು" ಅನ್ನುತ್ತಿದ್ದರು. ತೆಲುಗಿನಲ್ಲಿ ಕುಂದೇಲು ಅಂದರೆ ಮೊಲ, ಕೊಮ್ಮು ಅಂದರೆ ಕೊಂಬು. ಪುಸ್ತಕದ ಹೆಸರು ಕರಲ್ಲುಮ. ಅದೂ ನಮ್ಮ ಕಡೆಯ ಮಾತೇ. 1795ರಲ್ಲಿ ರಾಕ್ಸ್‌ಬರ್ಗ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯರು ಕೋರಮಂಡಲ ಕರಾವಳಿಯ ಗಿಡಗಳ ಪುಸ್ತಕದಲ್ಲಿ ಇದರ ಚಿತ್ರ ಹಾಕಿಸಿ, ತೆಲುಗು ಜನ ಹೇಳಿದ ಹೆಸರನ್ನು ಬರೆದುಕೊಂಡಿದ್ದರು.

ಇದು ಮರುಭೂಮಿಯ ಜಾತಿಗೆ ಸೇರಿದ ಗಿಡ. ನಮ್ಮೂರೇನು ಮರುಭೂಮಿಯಾ ಅಂತ ನೀವು ಕೇಳಬಹುದು. ಮಳೆ ಲೆಕ್ಕದಲ್ಲಿ ಅಲ್ಲ. ಆದರೆ ಗುಡ್ಡದ ಮೇಲೆ ಒಂದು ಗೇಣು ಮಣ್ಣಿರೋದಿಲ್ಲ. ಬಿದ್ದ ಮಳೆ ಗಳಿಗೆಯಲ್ಲಿ ಹರಿದು ಹೋಗ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಬಂಡೆ ಮೇಲೆ ಬರಿಗಾಲು ಇಡೋಕಾಗಲ್ಲ. ಅಲ್ಲಿ ಬದುಕುವ ಗಿಡಕ್ಕೆ ಅದೇ ಮರುಭೂಮಿ. ಅದಕ್ಕೆ ಈ ಗಿಡ ಎಲೆಯನ್ನೇ ಬಿಟ್ಟು, ಕಾಂಡದಲ್ಲಿ ನೀರು ತುಂಬಿಟ್ಟುಕೊಂಡಿದೆ. ಬೇರೆ ಗಿಡಗಳು ಹಗಲು ಉಸಿರಾಡಿದರೆ ಇದು ಬಿಸಿಲು ಹೊತ್ತಲ್ಲಿ ಬಾಗಿಲು ಹಾಕಿ, ರಾತ್ರಿ ತಂಪಿನಲ್ಲಿ ಬಾಗಿಲು ತೆಗೆದು ಗಾಳಿ ಎಳೆದುಕೊಳ್ಳುತ್ತದೆ. ಹಾಗಾಗಿ ನೀರು ಆವಿಯಾಗಿ ಹೋಗೋದು ಕಮ್ಮಿ.

ನಮ್ಮ ಚಿಕ್ಕಂದಿನಲ್ಲಿ ಆಡು ಕುರಿ ಮೇಯಿಸೋಕೆ ಹೋದವರು ಇದರ ಎಳೆ ತುದಿ ಮುರಿದು ಉಪ್ಪು ಹಚ್ಚಿ ತಿಂತಿದ್ದರು. ಸ್ವಲ್ಪ ಕಹಿ, ಸ್ವಲ್ಪ ಹುಳಿ. ತಿಂದ ಮೇಲೆ ಮಧ್ಯಾಹ್ನದ ಬುತ್ತಿ ತಡವಾದರೂ ಹೊಟ್ಟೆ ಕೂಗುತ್ತಿರಲಿಲ್ಲ. ಮನೆಗೆ ತಂದರೆ ಅಜ್ಜಿ ಅಂಚು ಕೆತ್ತಿ, ಹುಣಸೆಹಣ್ಣು, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಒರಳಲ್ಲಿ ರುಬ್ಬಿ ಚಟ್ನಿ ಮಾಡುತ್ತಿದ್ದರು. ಮುದ್ದೆ ಜೊತೆ ಅದೊಂದು ರುಚಿ. ಅಜ್ಜಿಯ ಒಂದೇ ಕಟ್ಟುನಿಟ್ಟು: "ತುದಿ ಮುರ್ಕೊಂಡು ಬಾ ಮಗಾ, ಬೇರಿಗೆ ಕೈ ಹಾಕಬೇಡ."

ಇಲ್ಲಿಂದ ಮುಂದೆ ನಮ್ಮ ತಪ್ಪೊಪ್ಪಿಗೆ. 2006ರ ಸುಮಾರಿಗೆ ಊರಿಗೆ ಒಬ್ಬರು ವ್ಯಾಪಾರಿ ಟೆಂಪೊ ತಗೊಂಡು ಬಂದರು. ಬೊಜ್ಜು ಕರಗಿಸೋ ಔಷಧಿಗೆ ಈ ಗಿಡ ಬೇಕು, ಎಷ್ಟು ತಂದರೂ ಕೊಳ್ತೇವೆ ಅಂದರು. ಒಂದು ಗೋಣಿಚೀಲ ತುಂಬಿಸಿದರೆ ಒಂದು ದಿನದ ಕೂಲಿಗಿಂತ ಹೆಚ್ಚು ಸಿಗ್ತಿತ್ತು. ಆ ವರ್ಷ ನಮ್ಮ ಬೋರ್‌ವೆಲ್ ಬತ್ತಿತ್ತು, ಕೈಯಲ್ಲಿ ಕಾಸಿರಲಿಲ್ಲ. ನಾವೂ ಹೋದೆವು. ನಾವೊಬ್ಬರೇ ಅಲ್ಲ, ಈ ಸಭೆಯಲ್ಲಿ ಕೂತಿರೋ ಕೆಲವರೂ ಜೊತೆಗಿದ್ದರು. ಹೆಸರು ಹೇಳೋದಿಲ್ಲ, ಅವರೇ ನಗ್ತಾ ಇದ್ದಾರೆ. ತುದಿ ಮುರಿಯೋದು ನಿಧಾನ, ಬೇರುಸಮೇತ ಕಿತ್ತರೆ ಚೀಲ ಬೇಗ ತುಂಬ್ತದೆ. ಒಂದೂವರೆ ತಿಂಗಳಲ್ಲಿ ಗುಡ್ಡ ಖಾಲಿ. ಟೆಂಪೊ ಮುಂದಿನ ಊರಿಗೆ ಹೋಯಿತು. ಗುಡ್ಡದ ಕೆಳಗಿನ ಗೋಮಾಳಕ್ಕೆ ಎಂಬತ್ತರ ದಶಕದಲ್ಲೇ ಸಾಮಾಜಿಕ ಅರಣ್ಯ ಅಂತ ನೀಲಗಿರಿ ಬಂದು ಮುಳ್ಳುಪೊದೆ ಹೋಗಿತ್ತು. ಉಳಿದಿದ್ದ ಮೇಲಿನ ಬಂಡೆಯನ್ನು ನಾವು ಬರಿದು ಮಾಡಿದೆವು.

2012ರಲ್ಲಿ ಅಜ್ಜಿ ಹಾಸಿಗೆ ಹಿಡಿದರು. ಬಾಯಿಗೆ ಏನೂ ರುಚಿಸುತ್ತಿರಲಿಲ್ಲ. ಒಂದು ದಿನ "ಕುಂದೇಟಿ ಕೊಮ್ಮು ಚಟ್ನಿ ಮಾಡಿಸೋ, ಒಂದು ತುತ್ತು ಮುದ್ದೆ ತಿಂತೀನಿ" ಅಂದರು. ನಾವು, ನಮ್ಮ ತಮ್ಮ ಇಬ್ಬರೂ ಬೆಳಿಗ್ಗೆಯಿಂದ ಸಂಜೆವರೆಗೆ ಗುಡ್ಡವೆಲ್ಲ ಸುತ್ತಿದೆವು. ಒಂದು ಕಡ್ಡಿ ಸಿಗಲಿಲ್ಲ. ಬರಿಗೈಯಲ್ಲಿ ಬಂದು, ಸಿಗಲಿಲ್ಲ ಅಜ್ಜಿ ಅಂದೆವು. ಅಜ್ಜಿ ಬೈಯಲಿಲ್ಲ. "ಹೋಗ್ಲಿ ಬಿಡು" ಅಂದರು. ಹದಿನೈದು ದಿನಕ್ಕೆ ಹೋದರು. ಬೈದಿದ್ದರೆ ಮರೆತುಬಿಡುತ್ತಿದ್ದೆವೋ ಏನೋ. ಆ "ಹೋಗ್ಲಿ ಬಿಡು" ಇವತ್ತಿಗೂ ಮರೆತಿಲ್ಲ.

ನಾಲ್ಕು ವರ್ಷ ಆದಮೇಲೆ, 2016ರಲ್ಲಿ, ಕಳೆದುಹೋದ ಮೇಕೆ ಹುಡುಕುತ್ತಾ ಹೋದಾಗ ಗುಡ್ಡದ ಹಿಂಬದಿ ಒಂದು ಕಾರೆಗಿಡದ ಒಳಗೆ ಅಂಗೈ ಅಗಲದ ಒಂದು ಗುಂಪು ಕಂಡಿತು. ಮುಳ್ಳು ಅದನ್ನು ಮೇಕೆಯಿಂದಲೂ ನಮ್ಮಿಂದಲೂ ಕಾಪಾಡಿತ್ತು. ಬೆರಳುದ್ದದ ಎರಡು ಕಡ್ಡಿ ಮಾತ್ರ ಮುರಿದು ತಂದು, ಗಾಯ ಒಣಗೋ ತನಕ ಒಂದು ವಾರ ನೆರಳಲ್ಲಿಟ್ಟು, ಮರಳಲ್ಲಿ ನೆಟ್ಟೆವು. ಬೇರು ಬಿಟ್ಟಿತು. ಮುಂದಿನ ಮಳೆಗಾಲ ಹೂ ಬಂತು. ಕಡು ನೇರಳೆ ಕೆಂಪು, ಎಸಳಿನ ಅಂಚಿಗೆ ಕೂದಲಿನಂಥ ಎಳೆ. ಮೂಗಿಗೆ ಹತ್ತಿರ ಹಿಡಿದರೆ ವಾಸನೆ ಚೆನ್ನಾಗಿಲ್ಲ, ಯಾಕಂದರೆ ಇದರ ಪರಾಗ ಸಾಗಿಸೋದು ಜೇನಲ್ಲ, ನೊಣ. ನೊಣಕ್ಕೆ ಬೇಕಾದ ವಾಸನೆ ಅದು. ಆದರೆ ಎರಡು ವರ್ಷ ಹೂ ಬಿಟ್ಟರೂ ಒಂದೇ ಒಂದು ಕಾಯಿ ಕಟ್ಟಲಿಲ್ಲ.

2018ರ ನವೆಂಬರ್‌ನಲ್ಲಿ ಜಿ.ಕೆ.ವಿ.ಕೆ. ಕೃಷಿಮೇಳಕ್ಕೆ ಹೋದಾಗ ಔಷಧಿ ಗಿಡಗಳ ಮಳಿಗೆಯಲ್ಲಿದ್ದ ಒಬ್ಬ ಮೇಡಂ ಅವರನ್ನು ಕೇಳಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಹತ್ತಿರ ಇರೋದು ಎಷ್ಟು ಗಿಡ?" ಹತ್ತು ಕುಂಡ ಇವೆ ಅಂದೆವು. "ಹತ್ತೂ ಒಂದೇ ಗಿಡದ ಕಡ್ಡಿ ಅಲ್ವಾ? ಹಾಗಾದರೆ ಅದು ಒಂದೇ ಗಿಡ. ಈ ಜಾತಿಯ ಗಿಡಗಳಲ್ಲಿ ಹೆಚ್ಚಿನವು ತಮ್ಮದೇ ಪರಾಗಕ್ಕೆ ಕಾಯಿ ಕಟ್ಟೋದಿಲ್ಲ. ಬೇರೆ ಕಡೆಯಿಂದ ಇನ್ನೊಂದು ತನ್ನಿ" ಅಂದರು. ಆಗ ನಮಗೆ ಹೊಳೆಯಿತು. ಒಬ್ಬನೇ ಹತ್ತು ಷೇರು ತಗೊಂಡರೆ ಅದು ಸಂಘ ಆಗಲ್ಲ, ಹತ್ತು ಮನೆಯವರು ಬರಬೇಕು. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದೂ ಹತ್ತಾರು ಮನೆ ಸೇರಿಸಿಯೇ. ಗಿಡಕ್ಕೂ ಅದೇ ನ್ಯಾಯ.

ಚಿಂತಾಮಣಿ ಕಡೆ ನಮ್ಮ ಭಾವಮೈದುನರ ಹೊಲದ ಬದುವಿನಲ್ಲಿ ಒಂದು ಗುಂಪು ಉಳಿದಿತ್ತು. 2019ರಲ್ಲಿ ಅಲ್ಲಿಂದ ಒಂದು ಕಡ್ಡಿ ತಂದು ನಮ್ಮ ಕುಂಡಗಳ ಪಕ್ಕ ಇಟ್ಟೆವು. 2020ರ ಮಳೆಗಾಲ, ಕೊರೊನಾ ಕಾಲ, ಊರು ಬಿಟ್ಟು ಹೋಗುವ ಹಾಗಿರಲಿಲ್ಲ. ದಿನಾ ಬೆಳಿಗ್ಗೆ ಹೋಗಿ ನೋಡೋದೇ ಕೆಲಸ. ಎರಡೂ ಹೂ ಬಿಟ್ಟವು, ಕೊಟ್ಟಿಗೆ ನೊಣ ಬಂದವು. ಒಂದು ದಿನ ನಮ್ಮ ಮನೆಯವರು "ಬನ್ನಿ ಇಲ್ಲಿ, ಮೊಲಕ್ಕೆ ಕೊಂಬು ಬಂದಿದೆ" ಅಂತ ಕೂಗಿದರು. ಹೋಗಿ ನೋಡಿದರೆ ಒಂದೇ ತೊಟ್ಟಿನಿಂದ ಜೋಡಿ ಕಾಯಿ, ಸಣ್ಣಗೆ ಚೂಪಾಗಿ, ಥೇಟು ಕೊಂಬಿನ ಹಾಗೆ. ಹಿಂದಿನವರು ಹೆಸರನ್ನು ಸುಮ್ಮನೆ ಇಟ್ಟಿರಲಿಲ್ಲ.

ಈಗ ಬಿತ್ತನೆ ವಿಧಾನ. ತಾಯಂದಿರು ಇದನ್ನು ಗಮನವಿಟ್ಟು ಕೇಳಬೇಕು, ಯಾಕಂದರೆ ಇದು ಎತ್ತು ಕಟ್ಟಿ ಮಾಡೋ ಬೇಸಾಯ ಅಲ್ಲ, ಕೈತೋಟದ ಕೆಲಸ.

ಕಾಯಿ ಹಸಿರು ಹೋಗಿ ಮಾಸಲು ಬಣ್ಣಕ್ಕೆ ತಿರುಗಿದ ಕೂಡಲೇ ಅದಕ್ಕೆ ತೆಳು ಬಟ್ಟೆಯ ಚೀಲ ಕಟ್ಟಬೇಕು. ಎಕ್ಕದ ಕಾಯಿಯ ಹಾಗೆ ಇದೂ ಸೀಳಿಕೊಂಡು, ಬಿಳಿ ರೇಷ್ಮೆಯಂಥ ಎಳೆ ಕಟ್ಟಿಕೊಂಡ ಚಪ್ಪಟೆ ಬೀಜ ಗಾಳಿಗೆ ಹಾರಿ ಹೋಗ್ತದೆ. ಎಕ್ಕವೂ ಇದೂ ಒಂದೇ ಕುಲ. ಬೀಜ ಸಿಕ್ಕಮೇಲೆ ಎಳೆ ಕಿತ್ತು, ಕಾಗದದ ಪೊಟ್ಟಣದಲ್ಲಿಡಬೇಕು. ಪ್ಲಾಸ್ಟಿಕ್ ಕವರು ಬೇಡ, ಬೂಸಲು ಬರ್ತದೆ. ಮತ್ತೆ ಈ ಬೀಜ ರಾಗಿಯ ಹಾಗೆ ವರ್ಷಗಟ್ಟಲೆ ಕಾಯೋದಿಲ್ಲ. ಹೊಸದಾಗಿದ್ದಾಗಲೇ ಬಿತ್ತಬೇಕು. ಚಳಿ ಕಳೆದು ಶಿವರಾತ್ರಿ ದಾಟಿದ ಮೇಲೆ ಬಿತ್ತಿದರೆ ಒಂದು ವಾರ ಹತ್ತು ದಿನದಲ್ಲಿ ಮೊಳಕೆ.

2021ರಲ್ಲಿ ಮೊದಲ ಸಲ ಬಿತ್ತಿದಾಗ ನಾವು ಮಾಡಿದ ತಪ್ಪು ಕೇಳಿ. ಟೊಮೆಟೊ ಸಸಿಮಡಿಯ ಹಾಗೆ ಕೊಟ್ಟಿಗೆ ಗೊಬ್ಬರ ಹಾಕಿದೆವು, ಬೆಳಿಗ್ಗೆ ಸಂಜೆ ಪ್ರೀತಿಯಿಂದ ನೀರು ಹೊಯ್ದೆವು. ಮೊಳಕೆ ಸೊಂಪಾಗಿ ಬಂತು. ನೋಡೋಕೆ ಬಟಾಣಿಗೆ ಎರಡು ಕಿವಿ ಬಂದ ಹಾಗೆ. ಇಪ್ಪತ್ತು ದಿನಕ್ಕೆ ಬುಡ ನೀರಾಗಿ, ಒಂದೊಂದೇ ಮಗುಚಿಕೊಂಡು, ತಿಂಗಳಾಗೋದರೊಳಗೆ ಎಲ್ಲ ಹೋದವು. ಒಂದೂ ಉಳಿಯಲಿಲ್ಲ. ಬರಕ್ಕೆ ಹೆದರದ ಗಿಡ ನಮ್ಮ ಉಪಚಾರಕ್ಕೆ ಸತ್ತಿತು.

2022ರಲ್ಲಿ ಬುದ್ಧಿ ಬಂತು. ಎರಡು ಪಾಲು ದಪ್ಪ ಮರಳು ಅಥವಾ ಕ್ರಷರ್‌ನ ಸಣ್ಣ ಹರಳು, ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ. ಹಸಿ ಸಗಣಿ ಬೇಡವೇ ಬೇಡ. ಈ ಮಿಶ್ರಣದ ಮೇಲೆ ಕುದಿಯೋ ನೀರು ಹೊಯ್ದು ಆರಿಸಿ ಬಿಸಿಲಿಗೆ ಹಾಕಿದರೆ ಬೂಸಲಿನ ಬೀಜ ಸಾಯ್ತದೆ. ಟೀ ಅಂಗಡಿಯಲ್ಲಿ ಬಿಸಾಡೋ ಹಾಲಿನ ಕವರು ತೊಳೆದು, ಕೆಳಗೆ ನಾಲ್ಕು ತೂತು ಮಾಡಿ, ಅದರಲ್ಲಿ ತುಂಬಿದೆವು. ನಮ್ಮ ಸಂಘದ ಹಾಲೇ ಸುತ್ತಿ ಬಂದ ಕವರು ಅಂದುಕೊಳ್ಳಿ. ಬೀಜವನ್ನು ಮಲಗಿಸಿ, ಬೀಜದಷ್ಟೇ ದಪ್ಪಕ್ಕೆ ಮರಳು ಉದುರಿಸಬೇಕು, ಹೂತುಬಿಡಬಾರದು. ನೀರನ್ನು ಮೇಲಿನಿಂದ ಹೊಯ್ಯಬಾರದು. ಕವರುಗಳನ್ನು ಒಂದು ಅಗಲ ತಟ್ಟೆಯಲ್ಲಿಟ್ಟು ತಟ್ಟೆಗೆ ನೀರು ಹಾಕಿದರೆ ಕೆಳಗಿನಿಂದ ಹೀರಿಕೊಳ್ತದೆ, ಮೇಲ್ಮಣ್ಣು ಒದ್ದೆಯಾದ ಕೂಡಲೇ ತೆಗೆದುಬಿಡಬೇಕು. ಮೊಳಕೆ ಬರೋ ತನಕ ತೇವ ಇರಲಿ. ಬಂದ ಮೇಲೆ ಮಣ್ಣು ಒಣಗಿ, ಒಂದು ದಿನ ಬಿಟ್ಟು, ಆಮೇಲೆ ನೀರು. ಮೊದಲ ವರ್ಷ ತೆಂಗಿನ ಗರಿಯ ನೆರಳು ಬೇಕು, ನೇರ ಬಿಸಿಲು ತಡೆಯೋದಿಲ್ಲ. ಹಿಟ್ಟು ತಿಗಣೆ ಬಂದರೆ ಹಳೇ ಹಲ್ಲುಜ್ಜೋ ಬ್ರಷ್‌ಗೆ ಬೇವಿನೆಣ್ಣೆ ಸೋಪಿನ ನೀರು ಹಚ್ಚಿ ಒರೆಸಿದರೆ ಸಾಕು.

ವರ್ಷ ತುಂಬಿದ ಸಸಿಯನ್ನು ಮುಂಗಾರು ಶುರುವಾದಾಗ ಗುಡ್ಡದಲ್ಲಿ ನೆಡಬಹುದು. ಬಯಲಲ್ಲಿ ನೆಡಬೇಡಿ. ಕಾರೆ, ಜಾಲಿ, ಬಂದರೆ, ಏನಾದರೂ ಒಂದು ಪೊದೆಯ ಬುಡದಲ್ಲಿ, ಕಲ್ಲಿನ ಪಕ್ಕ ನೆಡಿ. ಆ ಪೊದೆ ಅದಕ್ಕೆ ದಾದಿ ಇದ್ದ ಹಾಗೆ. ಬಿಸಿಲಿಗೆ ನೆರಳು, ಮೇಕೆಗೆ ಮುಳ್ಳು. ಹೂ ಬರೋಕೆ ಬಿತ್ತಿದಲ್ಲಿಂದ ಎರಡು ಮೂರು ವರ್ಷ. ಇವತ್ತು ನಮ್ಮ ಹಿತ್ತಲಲ್ಲಿ ಬೀಜದಿಂದ ಬಂದ ನಲವತ್ತಕ್ಕೂ ಹೆಚ್ಚು ಗಿಡ ಇವೆ. ಗುಡ್ಡಕ್ಕೆ ಇಪ್ಪತ್ತು ನೆಟ್ಟೆವು, ಹನ್ನೊಂದು ಬದುಕಿವೆ. ಕಡ್ಡಿಯಿಂದ ಬೇಗ ಆಗ್ತದಲ್ಲ, ಬೀಜ ಯಾಕೆ ಅಂತ ಕೇಳೋರಿದ್ದಾರೆ. ಕಡ್ಡಿಯಿಂದ ಒಂದೇ ಗಿಡದ ನೂರು ನೆರಳು ಆಗ್ತದೆ, ಒಂದು ರೋಗ ಬಂದರೆ ನೂರೂ ಹೋಗ್ತದೆ, ಕಾಯಿಯೂ ಕಟ್ಟೋದಿಲ್ಲ. ಬೀಜದಿಂದ ಬಂದ ಪ್ರತಿ ಸಸಿಯೂ ಬೇರೆ. ಗುಡ್ಡ ತನ್ನಷ್ಟಕ್ಕೆ ತಾನು ಮತ್ತೆ ತುಂಬಬೇಕಾದರೆ ಬೀಜವೇ ಆಗಬೇಕು.

ಇನ್ನು ಎಲ್ಲರೂ ಕೇಳೋ ಮಾತು: ಇದರಿಂದ ದುಡ್ಡು ಎಷ್ಟು? ಇಲ್ಲಿ ಸುಳ್ಳು ಹೇಳಬಾರದು. ಈ ಸಂಘದ ನಿರ್ದೇಶಕರಾಗಿ ನಮಗೆ ಒಂದು ಹಳೇ ಸಾಲ ಇದೆ. ಸಂಘ ಶುರುವಾದ ಹೊಸದರಲ್ಲಿ ಒಂದು ಕಂಪನಿಯವರು ಬಂದು, ಲೋಳೆಸರ ಹಾಕಿ, ನಾವೇ ವಾಪಸ್ ಕೊಳ್ತೇವೆ ಅಂದರು. ನಮ್ಮಂಥ ಹುಡುಗರು ಮನೆಮನೆಗೆ ಹೋಗಿ ಒಪ್ಪಿಸಿದೆವು. ಸಸಿಗೆ ದುಡ್ಡು ಕೊಟ್ಟವರು ನೀವು. ಕೊಯ್ಲಿಗೆ ಬಂದಾಗ ಫೋನು ಎತ್ತೋರು ಇರಲಿಲ್ಲ. ಲೋಳೆಸರದ ಎಲೆ ಕೊಯ್ದ ಗಂಟೆಗಳೊಳಗೆ ಸಂಸ್ಕರಣೆ ಆಗಬೇಕು, ಹತ್ತಿರ ಕಾರ್ಖಾನೆ ಇಲ್ಲದಿದ್ದರೆ ಅದು ತಿಪ್ಪೆಗೆ. ತಿಪ್ಪೆಗೇ ಹೋಯಿತು. ಅವತ್ತು ನಮ್ಮನ್ನು ಬೈದವರ ಬಾಯಿಗೆ ಸಕ್ಕರೆ ಹಾಕಬೇಕು, ಅವರು ಸರಿಯಾಗಿಯೇ ಬೈದರು. ಅದಕ್ಕೇ ಈ ಸಲ, ಕುಂದೇಟಿ ಕೊಮ್ಮಿಗೆ ಎಕರೆಗೆ ಇಷ್ಟು ಲಾಭ ಅಂತ ನಾವು ಹೇಳೋದಿಲ್ಲ, ಹೇಳೋರು ಬಂದರೆ ನಂಬಬೇಡಿ.

ಔಷಧಿ ಗುಣದ ಮಾತೂ ಅಷ್ಟೇ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯವರು 50 ಜನರ ಮೇಲೆ ನಡೆಸಿದ ಪರೀಕ್ಷೆ 2007ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ದಿನಕ್ಕೆ 1 ಗ್ರಾಂ ಸತ್ವ, ಉಳಿದವರಿಗೆ ಬರೀ ಹುಸಿ ಮಾತ್ರೆ, 60 ದಿನ. ಸತ್ವ ತಿಂದವರಿಗೆ ಹಸಿವು ಕಮ್ಮಿಯಾಯಿತು, ಸೊಂಟದ ಸುತ್ತಳತೆ ಇಳಿಯಿತು. ಆದರೆ ಮೈತೂಕದಲ್ಲಿ ಎರಡೂ ಗುಂಪಿಗೆ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ನಮ್ಮ ಕುರಿಗಾಹಿಗಳ ಮಾತು ಪೂರ್ತಿ ಸುಳ್ಳಲ್ಲ, ವ್ಯಾಪಾರಿಯ ಮಾತು ಪೂರ್ತಿ ನಿಜವೂ ಅಲ್ಲ. ಚಟ್ನಿ ಮಾಡಿ ತಿನ್ನಿ. ಸಕ್ಕರೆ ಕಾಯಿಲೆ, ಬಿ.ಪಿ. ಇರೋರು ಔಷಧಿ ಅಂತ ತಿನ್ನೋ ಮೊದಲು ಡಾಕ್ಟರನ್ನು ಕೇಳಿ.

ಇದೇ ಕಥೆ ದೂರದ ದೇಶದಲ್ಲೂ ನಡೆದಿದೆ. ದಕ್ಷಿಣ ಆಫ್ರಿಕಾದ ಕಲಹಾರಿ ಮರುಭೂಮಿಯಲ್ಲಿ ಹೂಡಿಯಾ ಅಂತ ಗಿಡ, ನಮ್ಮದರ ದಾಯಾದಿ. ಅಲ್ಲಿನ ಸಾನ್ ಜನ ಬೇಟೆಗೆ ಹೋಗುವಾಗ ಹಸಿವು ತಡೆಯೋಕೆ ಅದನ್ನು ಅಗಿಯುತ್ತಿದ್ದರು. 1990ರ ದಶಕದಲ್ಲಿ ಆ ದೇಶದ ಸಂಶೋಧನಾ ಮಂಡಳಿ ಅದಕ್ಕೆ ಪೇಟೆಂಟ್ ಮಾಡಿಸಿತು, ಸಾನ್ ಜನರನ್ನು ಕೇಳಲೇ ಇಲ್ಲ. ಗಲಾಟೆಯಾಗಿ 2003ರಲ್ಲಿ ಅವರಿಗೂ ಪಾಲು ಕೊಡೋ ಒಪ್ಪಂದ ಆಯಿತು. ಅಷ್ಟರಲ್ಲಿ ಕಾಡಿನ ಗಿಡವನ್ನು ಕಿತ್ತು ಮಾರೋ ಭರಾಟೆ ಹೆಚ್ಚಿ, 2004ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕಬೇಕಾಯಿತು. ಕೋಟಿಗಟ್ಟಲೆ ಖರ್ಚು ಮಾಡಿದ ದೊಡ್ಡ ಕಂಪನಿಯೇ 2008ರಲ್ಲಿ ಅದನ್ನು ಕೈಬಿಟ್ಟಿತು. ಪೇಟೆ ಬಂದು ಹೋಗ್ತದೆ. ಗುಡ್ಡ ಒಂದು ಸಲ ಬರಿದಾದರೆ ತಾನಾಗಿ ತುಂಬೋದಿಲ್ಲ.

ಆದ್ದರಿಂದ ಸಂಘದ ಮುಂದೆ ನಮ್ಮ ಬೇಡಿಕೆ ಸಣ್ಣದು. ಒಂದು, ಸಂಘದ ಕಟ್ಟಡದ ಹಿಂದೆ ಪಾಳು ಬಿದ್ದಿರೋ ಜಾಗದಲ್ಲಿ ಒಂದು ಸಸಿಮಡಿ. ಸಾಲ ಬೇಡ, ಸಬ್ಸಿಡಿ ಬೇಡ, ಬೀಜ ನಾವು ಕೊಡ್ತೇವೆ, ಹಾಲಿನ ಕವರು ಟೀ ಅಂಗಡಿಯದು. ಎರಡು, ಪ್ರತಿ ಸದಸ್ಯರ ಮನೆಗೆ ಬೇರೆ ಬೇರೆ ತಾಯಿಯ ಎರಡು ಸಸಿ, ಬೇಲಿ ಬುಡಕ್ಕೆ. ಮೂರು, 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ನಮ್ಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡಮರಗಳ ದಾಖಲೆ ಇಡಬೇಕು. ಆ ದಾಖಲೆಯಲ್ಲಿ ಕುಂದೇಟಿ ಕೊಮ್ಮು, ಅದನ್ನು ತಿನ್ನೋ ಬಗೆ, ಅದು ಇದ್ದ ಜಾಗ, ಎಲ್ಲ ಹಿರಿಯರ ಬಾಯಿಂದ ಬರೆಸೋಣ. ಇನ್ನು ಹತ್ತು ವರ್ಷ ಹೋದರೆ ಹೇಳೋ ಬಾಯಿಯೂ ಇರೋದಿಲ್ಲ. ನಾಲ್ಕು, ನಾಳೆ ಮತ್ತೆ ಟೆಂಪೊ ಬಂದರೆ, ಗುಡ್ಡದ್ದು ಕೊಡೋದಿಲ್ಲ, ನಾವು ಬಿತ್ತಿ ಬೆಳೆದದ್ದರಲ್ಲಿ ತುದಿ ಕೊಡ್ತೇವೆ, ಬೇರು ಕೊಡೋದಿಲ್ಲ ಅಂತ ಊರೆಲ್ಲ ಒಂದೇ ಮಾತು ಹೇಳೋಣ. ಒಬ್ಬೊಬ್ಬರೇ ಆದರೆ ಬೋರ್‌ವೆಲ್ ಬತ್ತಿದ ವರ್ಷ ಮಾತು ತಪ್ಪುತ್ತೇವೆ. ನಾವು ತಪ್ಪಿದವರೇ ಹೇಳ್ತಾ ಇದ್ದೇವೆ. ಸಂಘ ಅಂತ ಇರೋದು ಅದಕ್ಕೇ.

ಹೋದ ವರ್ಷ ಗೌರಿ ಹಬ್ಬದ ಮಾರನೆ ದಿನ ಮೊದಲ ಸಲ ನಮ್ಮ ಹಿತ್ತಲ ಗಿಡದ ತುದಿ ಮುರಿದು, ನಮ್ಮ ಅಮ್ಮ ಒರಳಲ್ಲಿ ಚಟ್ನಿ ರುಬ್ಬಿದರು. ಅಜ್ಜಿಯ ಫೋಟೋ ಮುಂದೆ ಒಂದು ತುತ್ತು ಮುದ್ದೆ ಜೊತೆ ಇಟ್ಟು, ಆಮೇಲೆ ನಾವು ತಿಂದೆವು. ಹೊರಗೆ ಊಟಕ್ಕೆ ಎಲೆ ಹಾಕಿದ್ದಾರೆ. ಬಾಳೆಯೆಲೆಯ ತುದಿಯಲ್ಲಿ ಇವತ್ತು ಆ ಚಟ್ನಿ ಒಂದು ಚೂರು ಬಡಿಸ್ತಾರೆ. ಎಲ್ಲರಿಗೂ ಸಾಕಾಗುವಷ್ಟು ಇಲ್ಲ, ರುಚಿಗೆ ಅಷ್ಟೇ. ಹೋಗುವಾಗ ಬಾಗಿಲ ಹತ್ತಿರ ಕಾಗದದ ಪೊಟ್ಟಣದಲ್ಲಿ ಬೀಜ ಇಟ್ಟಿದ್ದೇವೆ. ಮನೆಗೊಂದು ತಗೊಂಡು ಹೋಗಿ.